ತಿನ್ನುವ ತಂತಿ, ನೋಡುವ ತಂತಿ

ಮನೆಯಲ್ಲಿ ವಿದ್ಯುತ್ ಕಾರು ಚಾರ್ಜ್ ಮಾಡುವ ಪ್ಲಗ್ಗಿಗೆ ಮೂರು ತಂತಿ ಬರುತ್ತವೆ. ಫೇಜ್ ಕರೆಂಟು ತರುತ್ತದೆ, ನ್ಯೂಟ್ರಲ್ ಅದನ್ನು ಮರಳಿ ಒಯ್ಯುತ್ತದೆ. ಮೂರನೆಯದಾದ ಹಸಿರು ಅರ್ಥ್ ತಂತಿಗೆ ದಿನನಿತ್ಯದ ಕೆಲಸವಿಲ್ಲ. ಒಳಗೆಲ್ಲೋ ವೈರಿನ ಹೊದಿಕೆ ಹರಿದು ಕಾರಿನ ಮೈಗೆ ಕರೆಂಟು ಇಳಿದರೆ ಅದನ್ನು ನೆಲಕ್ಕೆ ಇಳಿಸುವುದು ಅದರ ಪಾಲಿನ ಕೆಲಸ. ಅಂಥ ದಿನ ಹತ್ತು ವರ್ಷಕ್ಕೊಮ್ಮೆ ಬರಬಹುದು, ಬರದೆಯೂ ಹೋಗಬಹುದು. ಹಾಗಿದ್ದರೆ ಕೆಲಸವಿಲ್ಲದೆ ಕುಳಿತ ಈ ತಂತಿ ನಿಜಕ್ಕೂ ಇದೆ ಎಂದು ತಿಳಿಯುವುದು ಹೇಗೆ? ಪ್ರಮಾಣದ, ಅಂದರೆ ತಿಳಿವಿನ ಆಧಾರದ, ಈ ಪ್ರಶ್ನೆ ದರ್ಶನಗಳಷ್ಟೇ ಹಳೆಯದು.

ಗೋಕಾಕ ಫಾಲ್ಸಿನ ನೀರಿನಿಂದ 1887ರಲ್ಲೇ ಕರೆಂಟು ತೆಗೆದರೆಂಬುದು ಗೋಕಾಕ ಸೀಮೆಯ ಹೆಮ್ಮೆಯ ಮಾತು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರದು. ಗೋಕಾಕ, ಮೂಡಲಗಿಗೆ ವಿದ್ಯುತ್ ಕಂಪನಿ ಹೆಸ್ಕಾಂನ ಕರೆಂಟು. ಕರೆಂಟಿನ ಬಳಕೆ ಇಷ್ಟು ಹಳೆಯದಾದರೂ ಅರ್ಥಿಂಗ್ ಇಲ್ಲದ ಮನೆಗಳಿಗೆ ಇಲ್ಲಿ ಬರವಿಲ್ಲ. ಬಲ್ಬಾಗಲಿ ಫ್ಯಾನಾಗಲಿ ಅರ್ಥ್ ಇದೆಯೇ ಎಂದು ಯಾವತ್ತೂ ಕೇಳಿದ್ದಿಲ್ಲ. ಇಲ್ಲದ್ದನ್ನು ತಿಳಿಯಲು ದರ್ಶನದಲ್ಲಿ ಒಂದು ದಾರಿಯಿದೆ: ನೆಲದ ಮೇಲೆ ಕೊಡ ಇಲ್ಲವೆಂಬುದು, ಇದ್ದಿದ್ದರೆ ಕಾಣುತ್ತಿತ್ತು ಎಂಬುದರಿಂದ ತಿಳಿಯುತ್ತದೆ ಎಂದು ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ವಾದಿಸಿದರು. ಆ ಪ್ರಮಾಣಕ್ಕೆ ಅನುಪಲಬ್ಧಿ ಎಂದು ಹೆಸರು. ಅರ್ಥಿಂಗಿಗೆ ಆ ದಾರಿ ನಡೆಯದು. ಅದು ಇದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ದೀಪ ಉರಿಯುತ್ತದೆ.

ಮನೆಗೆ ಬರುವ ಸಾಮಾನುಗಳಲ್ಲಿ ಅರ್ಥ್ ಇದೆಯೇ ಎಂದು ಕೇಳುವುದು ಕಾರಿನ ಚಾರ್ಜರ್. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ಹೆಚ್ಚಿದ್ದರೆ, ಅಥವಾ ಅರ್ಥ್ ಸಿಗದಿದ್ದರೆ, ಹೆಚ್ಚಿನ ಚಾರ್ಜರ್‌ಗಳು ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಆಗ ಪ್ಲಗ್ಗಿನ ಮುಚ್ಚಳ ಬಿಚ್ಚಿ, ನ್ಯೂಟ್ರಲ್‌ನಿಂದ ಬೆರಳುದ್ದದ ವೈರಿನ ತುಂಡೊಂದನ್ನು ಅರ್ಥಿನ ತಿರುಪಿಗೆ ಸೇರಿಸುವ ಉಪಾಯವೊಂದಿದೆ. ಕೆಂಪು ಹೋಗಿ ಹಸಿರು ಬರುತ್ತದೆ, ಕಾರು ಚಾರ್ಜ್ ಆಗುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವುದು ನೈಯಾಯಿಕರ ಹಳೆಯ ಉದಾಹರಣೆ. ಮಂಜನ್ನು ಹೊಗೆಯೆಂದು ಬಗೆದರೆ ಊಹೆ ಕೆಡುತ್ತದೆ. ವೈರಿನ ತುಂಡು ಚಾರ್ಜರ್‌ಗೆ ತೋರಿಸುವುದು ಮಂಜನ್ನೇ.

ಈ ಉಪಾಯಕ್ಕೆ ಬಲವಾದ ಪೂರ್ವಪಕ್ಷವೂ ಇದೆ. ಓಣಿಯ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನ್ಯೂಟ್ರಲನ್ನು ನೆಲಕ್ಕೇ ಕಟ್ಟಿರುತ್ತಾರೆ. ಅಲ್ಲಿ ಒಂದಾಗಿರುವ ಎರಡನ್ನು ಮನೆಯಲ್ಲಿ ಒಂದು ಮಾಡಿದರೆ ತಪ್ಪೇನು?

ಮೂಲ ಒಂದೇ ಎಂಬುದು ನಿಜ, ಪಾತ್ರ ಬೇರೆ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ನ್ಯೂಟ್ರಲ್ ತಿನ್ನುವ ಹಕ್ಕಿ, ಮನೆಯ ಕರೆಂಟೆಲ್ಲ ಅದರ ಮೈಮೇಲೆ. ಅರ್ಥ್ ನೋಡುವ ಹಕ್ಕಿ. ತಿನ್ನುವುದನ್ನೇ ಸಾಕ್ಷಿಯ ಜಾಗದಲ್ಲಿ ಕೂರಿಸಿದರೆ ಏನಾಗುತ್ತದೆಂಬುದು ಗಾಳಿ-ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಹರಿದ ದಿನ ಗೊತ್ತಾಗುತ್ತದೆ. ಮರಳುವ ದಾರಿ ಮುಚ್ಚಿದ 230 ವೋಲ್ಟ್ ಆ ಬೆರಳುದ್ದದ ತುಂಡಿನ ಮೂಲಕ ಕಾರಿನ ತಗಡಿಗೆ ಬಂದು ನಿಲ್ಲುತ್ತದೆ. ತುಂಡನ್ನು, ಹೋದ ಕರೆಂಟಿಗೂ ಬಂದ ಕರೆಂಟಿಗೂ ತಾಳೆಯಾಗದಿದ್ದರೆ ಲೈನು ಕತ್ತರಿಸುವ ಆರ್‌ಸಿಡಿಯ ಹಿಂದೆ, ಮೀಟರಿನ ಕಡೆಗೆ ಸೇರಿಸಿದ್ದರೆ ಆರ್‌ಸಿಡಿಗೂ ಅದು ಕಾಣದು. ಅದರೊಳಗೆ ಹೋದ ಕರೆಂಟು, ಬಂದ ಕರೆಂಟು ಎರಡೂ ಸರಿಸಮ. ರಿಪೇರಿಯ ನಂತರ ಕಂಬದಲ್ಲಿ ಫೇಜ್, ನ್ಯೂಟ್ರಲ್ ಅದಲುಬದಲಾದರಂತೂ ಯಾವ ತಂತಿಯೂ ಕಡಿಯಬೇಕಾಗಿಲ್ಲ, ತಗಡಿಗೆ ಫೇಜೇ ಬರುತ್ತದೆ.

ನಿಜವಾದ ಅರ್ಥಿಂಗಿಗೆ ನೆಲವೇ ಬೇಕು, ನೆಲ ಎಲ್ಲೆಡೆ ಒಂದೇ ಅಲ್ಲ. ಮೂಡಲಗಿಯ ಕಾಲುವೆ ಬಯಲಿನ ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಸಲೀಸಾಗಿ ಹೀರುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಅರ್ಥ್ ಪೈಪಿನ ಸುತ್ತ ಸಂದು ಬಿಡುತ್ತದೆ. ಗೋಕಾಕದ ಕಲ್ಲುಗುಡ್ಡಗಳಲ್ಲಿ ಮಣ್ಣೇ ತೆಳು. ಒಂದು ಅರ್ಥ್ ಗುಂಡಿ ಸಾಲದೆ ಎರಡು ಮೂರನ್ನು ಜೋಡಿಸಬೇಕಾಗುತ್ತದೆ. ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ, ಉಪ್ಪು ಪೈಪನ್ನು ತಿನ್ನುವುದೂ ನಡೆಯುತ್ತದೆ. ಗುಂಡಿಯ ತಡೆ 10 ಓಮ್ ಇದ್ದರೆ 230 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಹೆಚ್ಚು ಕರೆಂಟಿಗೆ ಮಾತ್ರ ಬೀಳುವ 40 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದಿಲ್ಲ. ಅದಕ್ಕೇ ಸೋರಿಕೆ 30 ಮಿಲಿಆಂಪಿಯರ್ ಮೀರದಂತೆ ತಡೆಯುವ, ಕನಿಷ್ಠ ಎ ಮಾದರಿಯ, ನ್ಯೂಟ್ರಲನ್ನೂ ಕತ್ತರಿಸುವ ಆರ್‌ಸಿಡಿ ಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಚಾರ್ಜಿಂಗಿಗೆ ವಿಧಿಸಿವೆ. ಪ್ಲಗ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು, ಎಕ್ಸ್‌ಟೆನ್ಷನ್ ವೈರ್ ಕೂಡದು ಎಂಬುದೂ ಅಲ್ಲಿದೆ.

ವೈರಿನ ಮಾತು ಸರಳ. 7.4 ಕಿಲೋವ್ಯಾಟ್ ಚಾರ್ಜರ್ ಗಂಟೆಗಟ್ಟಲೆ ಬಿಡದೆ 32 ಆಂಪಿಯರ್ ಎಳೆಯುತ್ತದೆ. ಮೀಟರಿನಿಂದ ಬೇರೆಯೇ ಲೈನು, ಸಾಮಾನ್ಯವಾಗಿ 6 ಚದರ ಮಿಲಿಮೀಟರ್ ತಾಮ್ರ, ದೂರ ಹೆಚ್ಚಿದ್ದರೆ ಇನ್ನೂ ದಪ್ಪ. ಸಡಿಲ ತಿರುಪು ರಾತ್ರಿಯೆಲ್ಲ ಕಾದು ಪ್ಲಗ್ಗನ್ನು ಕರಗಿಸುತ್ತದೆ.

ಅರ್ಥ್ ತಂತಿಯ ಋಣ ಯಾರದು ಎಂಬುದು ಉಳಿಯುತ್ತದೆ. ಕಾರಿನವರು ರಬ್ಬರ್ ಚಪ್ಪಲಿಯಲ್ಲಿ ಬಂದು ಪ್ಲಗ್ ಹಾಕಿ ಒಳಗೆ ಹೋಗುತ್ತಾರೆ. ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಬರಿಗಾಲಲ್ಲಿ ಕಾರಿನ ಪಕ್ಕ ಕಸ ಗುಡಿಸುವವರಿಗೆ ಒಳಗಿನ ಆ ತುಂಡು ಗೊತ್ತಿಲ್ಲ. ಉಪಾಯದ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ. ತನ್ನ ಜೀವದ ಮಟ್ಟಿಗೆ ತಾನು ಧೈರ್ಯ ಮಾಡುತ್ತೇನೆಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಆರ್‌ಸಿಡಿಯ ಮೇಲಿನ ಟೆಸ್ಟ್ ಬಟನ್ನೂ ಅರ್ಥಿಂಗಿಗೆ ಪ್ರಮಾಣವಲ್ಲ. ಅರ್ಥೇ ಇಲ್ಲದ ಮನೆಯಲ್ಲೂ ಅದನ್ನು ಒತ್ತಿದರೆ ಆರ್‌ಸಿಡಿ ಬೀಳುತ್ತದೆ. ಚಾರ್ಜರಿನ ಹಸಿರು ದೀಪ ಎಷ್ಟರ ಸಾಕ್ಷಿಯೆಂಬುದು ಮೇಲೆಯೇ ಬಂತು. ಅರ್ಥ್ ಟೆಸ್ಟರ್ ತಂದು, ಅಂಗಳದಾಚೆ ಎರಡು ಗೂಟ ಬಡಿದು, ಗುಂಡಿಯ ತಡೆಯನ್ನು ಓಮಿನಲ್ಲಿ ಓದಬೇಕು. ಓದುವುದೂ ಗುಂಡಿಗೆ ನೀರು ಹೊಯ್ದ ಸಂಜೆಯಲ್ಲ, ಎರೆ ಬಿರಿದ ಮೇ ತಿಂಗಳ ಮಧ್ಯಾಹ್ನ.