ಬಿಟ್ಟು ಹೊರಟವರ ಲೆಕ್ಕ

ತಿಂಗಳು ತಿಂಗಳು ಸಂಬಳ ತರುವ ಕೆಲಸವನ್ನು ಬಿಟ್ಟು ಮನಸ್ಸಿಗೆ ಹಿಡಿಸಿದ ಕೆಲಸಕ್ಕೆ ಹೋಗುವುದು ಧೈರ್ಯವೋ, ಸ್ವಾರ್ಥವೋ? ಪತ್ರಿಕೆಯಲ್ಲಿ ಇಂಥವರ ಫೋಟೋ ನೋಡಿದಾಗ ಅದು ಧೈರ್ಯವೆನಿಸುತ್ತದೆ. ನಮ್ಮದೇ ಓಣಿಯ ಹುಡುಗಿ ಹಾಗೆ ಮಾಡಿದಾಗ ಮಾತ್ರ ಸ್ವಾರ್ಥವೆನಿಸುತ್ತದೆ. ಒಂದೇ ಕೆಲಸವನ್ನು ತೂಗಲು ನಾವು ಎರಡು ತಕ್ಕಡಿ ಇಟ್ಟುಕೊಂಡಿರುವುದೇಕೆ?

ನಮ್ಮ ಮೇಡ್ಲೇರಿಯ ಹುಡುಗಿಯೊಬ್ಬಳು ಬೆಂಗಳೂರಿನ ಕಂಪನಿಯೊಂದರಲ್ಲಿ ಏಳು ವರ್ಷ ಸಲಹೆಗಾರಳಾಗಿದ್ದಳು. ವ್ಯಾಪಾರಸ್ಥರಿಗೆ ಯಾವ ಕಂಪ್ಯೂಟರ್ ವ್ಯವಸ್ಥೆ ಬೇಕು, ಅದನ್ನು ಹೇಗೆ ಹೊಂದಿಸಬೇಕು ಎಂದು ತಿಳಿಸಿಕೊಡುವ ಕೆಲಸ. ಅದನ್ನು ಬಿಟ್ಟು ಈಗ ನಾಟಕಗಳಿಗೆ, ಸಾಕ್ಷ್ಯಚಿತ್ರಗಳಿಗೆ, ಜಾಹೀರಾತುಗಳಿಗೆ ಸಂಗೀತ ಮತ್ತು ಧ್ವನಿ ವಿನ್ಯಾಸ ಮಾಡಿಕೊಡುತ್ತಾಳೆ. ಯಾರ ಕೈಕೆಳಗೂ ಇಲ್ಲ. ಕೆಲಸ ಬಂದ ತಿಂಗಳು ದುಡ್ಡು, ಬಾರದ ತಿಂಗಳು ಇಲ್ಲ. "ಧ್ವನಿ ವಿನ್ಯಾಸ ಅಂದ್ರೇನವಾ, ಮದವಿ ಮನ್ಯಾಗ ಮೈಕ್ ಹಚ್ಚೋದೇನು?" ಎಂದು ನೆರೆಯಾಕೆ ಕೇಳಿದಳು. "ಇಷ್ಟು ಓದಿಸಿದ್ದು ನೀರಾಗ ಹೋಮ ಮಾಡಿಧಂಗಾತು" ಎಂದಳು ಇನ್ನೊಬ್ಬಳು.

ಧ್ವನಿ ವಿನ್ಯಾಸ ನಮಗೆ ತೀರ ಹೊಸದೇನಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಬಾನುಲಿ ನಾಟಕ ಕೇಳುತ್ತ ರೊಟ್ಟಿ ಬಡಿದ ಮನೆಗಳು ಈ ಸೀಮೆಯಲ್ಲಿ ಎಷ್ಟಿಲ್ಲ? ಬಾಗಿಲು ಕಿರ್ರೆಂದರೆ ಯಾರೋ ಬಂದರೆಂದು, ಗುಡುಗಿದರೆ ಮಳೆ ಬಂತೆಂದು ನಂಬಿ ಕೇಳುತ್ತಿದ್ದೆವು. ಆ ಬಾಗಿಲನ್ನೂ ಆ ಗುಡುಗನ್ನೂ ಯಾರೋ ಒಬ್ಬರು ಕೂತು ಮಾಡಿರುತ್ತಿದ್ದರು. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ, 1920ರ ದಶಕದ ಕೊನೆಗೆ, ಹಾಲಿವುಡ್ಡಿನಲ್ಲಿ ಜಾಕ್ ಫೋಲಿ ಎಂಬಾತ ತೆರೆಯ ಮೇಲಿನ ಚಿತ್ರ ನೋಡುತ್ತ ಹೆಜ್ಜೆಯ ಸಪ್ಪಳ, ಬಟ್ಟೆಯ ಸರಬರ ಎಲ್ಲವನ್ನೂ ತಾನೇ ಮಾಡಿ ಸೇರಿಸುತ್ತಿದ್ದ. ಇಂದಿಗೂ ಆ ಕೆಲಸಕ್ಕೆ ಅವನ ಹೆಸರೇ ಇದೆ. ನಮ್ಮ ಹುಡುಗಿ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ ಹೆಂಗಸರ ಸದ್ದನ್ನು ಹಿಡಿದು ತಂದಿದ್ದಳು. ಒಣಗಿದ ಕಾಯಿಯ ಗಲಗಲ, ತೊಟ್ಟು ಮುರಿಯುವ ಚಟಚಟ, ನಡುನಡುವೆ ಘಾಟಿಗೆ ಕೆಮ್ಮು. ಬ್ಯಾಡಗಿಯ ಬಣ್ಣವನ್ನು ಲೋಕವೆಲ್ಲ ಬಲ್ಲದು. ಆ ಕೆಮ್ಮನ್ನು ಕೇಳಿದವರು ಕಡಿಮೆ. ಇದು ಕೆಲಸವಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಓದಿದ್ದು ನೀರಾಗ ಹೋಯಿತೆಂಬ ಮಾತೂ ಪೂರ್ತಿ ನಿಜವಲ್ಲ. ಬಿಂದುಮಾಲಿನಿ ನಾರಾಯಣಸ್ವಾಮಿ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತವರು. ಮುಂದೆ ಹಾಡು, ಸಂಗೀತ ಸಂಯೋಜನೆಗಳೇ ಅವರ ದಾರಿಯಾದವು. 'ನಾತಿಚರಾಮಿ' ಚಿತ್ರದ ಹಾಡಿಗೆ 2019ರಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಕಲಿತ ವಿದ್ಯೆ ಬಟ್ಟೆಯ ಗಂಟಲ್ಲ, ಒಂದು ಊರಲ್ಲಿ ಬಿಟ್ಟು ಇನ್ನೊಂದು ಊರಿಗೆ ಹೋಗಲು. ಅದು ನಮ್ಮ ಜೊತೆಗೇ ಬರುತ್ತದೆ.

ಹಾಗಾದರೆ ಬಿಟ್ಟು ಹೊರಟದ್ದೆಲ್ಲ ಸರಿಯೇ? ಇಷ್ಟು ಬೇಗ ಹೌದೆನ್ನಲು ಮನಸ್ಸು ಒಪ್ಪುವುದಿಲ್ಲ. ಹಾನಗಲ್ಲ ನಮ್ಮ ಹಾವೇರಿ ಜಿಲ್ಲೆಯ ಊರು. ಅದನ್ನು ತಮ್ಮ ಹೆಸರಿನಲ್ಲಿ ಹೊತ್ತು ಲೋಕ ಸುತ್ತಿದ ಗಂಗೂಬಾಯಿಯವರು 1913ರಲ್ಲಿ ಹುಟ್ಟಿದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಧಾಟಿ ಮಗಳ ಕಂಠಕ್ಕೆ ಹತ್ತಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಮಗಳು ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ತಾಯಿ 1932ರಲ್ಲೇ ತೀರಿಕೊಂಡಿದ್ದರು.

ಹಾಡಿದವರಿಗೆ ಹಾರ ಬಿತ್ತು. ಹಾಡದೆ ಸುಮ್ಮನಾದವರ ಮೌನಕ್ಕೆ ಹಾರ ಹಾಕುವವರು ಯಾರು? ಒಬ್ಬರ ಕಲೆ ಬೆಳೆಯುವಾಗ ಅದರ ಬೆಲೆಯನ್ನು ಮನೆಯ ಯಾವುದೋ ಮೂಲೆಯಲ್ಲಿ ಇನ್ನೊಬ್ಬರು ತೆರುತ್ತಿರುತ್ತಾರೆ. ಹೆಚ್ಚಿನ ಸಲ ಅವರು ಹೆಂಗಸರೇ. ಗಂಡ ನೌಕರಿ ಬಿಟ್ಟು ನಾಟಕ ಕಂಪನಿ ಸೇರಿದರೆ ಹೆಂಡತಿ ಹಪ್ಪಳ ಮಾಡಿ ಮಾರುತ್ತಾಳೆ. ಅಣ್ಣ ತಬಲಾ ಹಿಡಿದು ಹೊರಟರೆ ತಂಗಿಯ ಓದು ನಿಲ್ಲುತ್ತದೆ. ನಾವು ಯಾರನ್ನಾದರೂ ಥಟ್ಟನೆ ಸ್ವಾರ್ಥಿ ಎನ್ನುವುದರ ಹಿಂದೆ ಈ ಹಳೆಯ ನೋವಿದೆ. ಬಿಟ್ಟು ಹೊರಡುವ ಸ್ವಾತಂತ್ರ್ಯ ನಮಗೆಂದೂ ಸಿಗಲಿಲ್ಲ. ಹೊರಟವರ ಖರ್ಚು ಮಾತ್ರ ನಮ್ಮ ಪಾಲಿಗೆ ಬಂತು.

ಆದರೂ ಅಂಬಾಬಾಯಿಯವರ ತ್ಯಾಗವನ್ನು ಯಾರೂ ಕಿತ್ತುಕೊಂಡದ್ದಲ್ಲ. ಅವರೇ ಕೊಟ್ಟದ್ದು. ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ಅಂತರದಲ್ಲೇ ನನ್ನ ಪ್ರಶ್ನೆಗೆ ಉತ್ತರವಿದೆ ಎಂದು ಈಗ ತೋರುತ್ತದೆ. ನಮ್ಮ ಶರಣರು ಕಾಯಕವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ, ಜೊತೆಗೆ ದಾಸೋಹವನ್ನೂ ಹೇಳಿದರು. ಯಾವ ಕೆಲಸವೂ ಕೀಳಲ್ಲ ಎಂಬುದು ಅರ್ಧ ಮಾತು. ಅದರ ಫಲವೂ ಭಾರವೂ ಯಾರ ಯಾರ ಮೇಲೆ ಬೀಳುತ್ತವೆ ಎಂದು ನೋಡುವುದು ಉಳಿದರ್ಧ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳೆಂಬ ಕಥೆ ನಮಗೆಲ್ಲ ಗೊತ್ತು. ಮನೆಗೆ ಎಷ್ಟು ಬೇಕು, ಎಷ್ಟು ಸಾಕು ಎಂಬ ಲೆಕ್ಕ ಕೇಳುವ ಅಧಿಕಾರ ಅಡಿಗೆಮನೆಯಲ್ಲಿತ್ತು. ಸಾಕೆನ್ನುವುದು ಗೊತ್ತಿದ್ದವರಿಗೆ ಸಂಬಳ ಕಡಿಮೆಯಾದದ್ದು ದೊಡ್ಡ ಸೋಲಲ್ಲ. ಆದರೆ ಸಾಕೋ ಸಾಲದೋ ಎಂಬುದನ್ನು ಹೊರಡುವವರು ಒಬ್ಬರೇ ತೀರ್ಮಾನಿಸಬಾರದು.

ಈ ಹುಡುಗಿಯ ತಾಯಿ ನನಗೆ ಹೇಳಿದ್ದು ಇದು. ರಾಜೀನಾಮೆ ಕೊಡುವ ಮೊದಲು ಮಗಳು ಊರಿಗೆ ಬಂದು, ತಾಯಿಯ ಮುಂದೆ ನೋಟುಪುಸ್ತಕ ಬಿಡಿಸಿ ಕೂತಳಂತೆ. ಓದಿನ ಸಾಲ ತೀರಿದೆ. ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿದೆ. ತಮ್ಮನ ಕಾಲೇಜು ಇನ್ನೂ ಎರಡು ವರ್ಷವಿದೆ. ಅದನ್ನು ಬೇರೆ ತೆಗೆದಿಟ್ಟಿದೆ. ಮನೆಯ ಮಾಳಿಗೆ ಮಾತ್ರ ಈ ಮಳೆಗಾಲಕ್ಕೆ ರಿಪೇರಿ ಆಗುವುದಿಲ್ಲ. "ಇಷ್ಟು ನಿನಗ ತ್ರಾಸ ಆಗತೈತಿ ಅವ್ವಾ. ನೀ ಬ್ಯಾಡ ಅಂದ್ರ ಇನ್ನೊಂದು ವರ್ಷ ದುಡೀತೀನಿ" ಎಂದಳಂತೆ. ತಾಯಿ ಒಂದು ರಾತ್ರಿ ಯೋಚಿಸಿ, "ಸೋರಿದ್ರ ಬುಟ್ಟಿ ಇಡ್ತೀನಿ. ಎರಡು ವರ್ಷ ನೋಡು. ಆಗಲಿಲ್ಲಂದ್ರ ನಾಚಿಕಿ ಇಲ್ಲದ ತಿರುಗಿ ನೌಕರಿಗೆ ಹೋಗು" ಎಂದರು.

ಮಾಳಿಗೆ ಸೋರುವುದು ಹೇಗೂ ತಪ್ಪುತ್ತಿರಲಿಲ್ಲ. ಆದರೆ ಕೇಳದೇ ಹೋಗಿದ್ದರೆ ಆ ಬುಟ್ಟಿಯಲ್ಲಿ ತುಂಬುತ್ತಿದ್ದುದು ಕಹಿ. ಕೇಳಿದ್ದರಿಂದ ಅದು ತಾಯಿಯ ಕೊಡುಗೆಯಾಯಿತು. ಮಗಳ ಕೆಲಸದಲ್ಲಿ ಅವರಿಗೂ ಒಂದು ಪಾಲು ಬಂತು. ಹುಡುಗಿ ಈ ಕೆಲಸದಲ್ಲಿ ಗೆಲ್ಲುತ್ತಾಳೋ ಸೋಲುತ್ತಾಳೋ ಹೇಳಲಾರೆ. ಸೋತರೂ ಆಕೆ ಮಾಡಿದ್ದನ್ನು ಸ್ವಾರ್ಥವೆನ್ನಲು ನಾನು ಸಿದ್ಧಳಿಲ್ಲ. ಮನೆಯವರ ಭಾರವನ್ನು ಹೆಸರಿಟ್ಟು ಎಣಿಸಿ, ಬೇಡವೆನ್ನುವ ಹಕ್ಕನ್ನು ಅವರ ಕೈಯಲ್ಲಿಟ್ಟು ಹೊರಟವರದು ಸ್ವಾರ್ಥವಲ್ಲ. ಹಾಗೆ ಕೇಳದೆ ಹೊರಟವರು ಎಷ್ಟೇ ದೊಡ್ಡ ಕಲಾವಿದರಾದರೂ ಆ ಮನೆಯ ಸಾಲ ತೀರುವುದಿಲ್ಲ.

ಓದುತ್ತಿರುವ ನಿಮಗೂ ಒಂದು ಮಾತು. ಬೇರೆಯವರ ನೋಟುಪುಸ್ತಕ ನಮ್ಮ ಮುಂದೆ ಬಿಡಿಸಲಿ ಎಂದು ಕಾಯುವುದಷ್ಟೇ ನಮ್ಮ ಪಾಲಿಗೆ ಇರಬೇಕಾಗಿಲ್ಲ. ಹಾರ್ಮೋನಿಯಂ ಅಟ್ಟ ಸೇರಿದ ಮನೆಗಳು ಬಹಳ ಇವೆ. ಅದನ್ನು ಇಳಿಸಬೇಕೆನಿಸಿದರೆ ನೀವೂ ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಪುಸ್ತಕ ಬಿಡಿಸಬಹುದು. ಇಷ್ಟು ದಿನ ಅವರ ಲೆಕ್ಕಕ್ಕೆ ತಲೆ ಆಡಿಸಿದವರು ನೀವು. ನಿಮ್ಮ ಲೆಕ್ಕಕ್ಕೂ ಅವರು ಒಂದು ರಾತ್ರಿ ಯೋಚಿಸಲಿ.