ಅರಿತವರ ಋಣ

ತಾಳವಾಡಿಯ ಹೊಲಗಳಲ್ಲಾಗಲಿ, ಗೂಡಲೂರು, ವಯನಾಡುಗಳ ಗದ್ದೆಯಂಚಿನಲ್ಲಾಗಲಿ, ತೆನೆ ಬಲಿಯುವ ದಿನಗಳಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವ ಪದ್ಧತಿ ನಮ್ಮ ಹಿರಿಯರಿಂದ ಬಂದುದು. ಕತ್ತಲಲ್ಲಿ ಬಿದಿರು ಮುರಿದ ಸದ್ದು ಕೇಳಿದೊಡನೆ ಕಾವಲುಗಾರ ಡಬ್ಬ ಬಡಿದು ಕೂಗು ಹಾಕುತ್ತಾನೆ. ಆ ಕೂಗು ಪಕ್ಕದ ಹೊಲದ ಅಟ್ಟಣೆಗೆ, ಅಲ್ಲಿಂದ ಊರಿಗೆ ದಾಟುತ್ತದೆ. ಬಂದದ್ದು ಆನೆಯೋ ಹಂದಿಯೋ ಎಂದು ನಿಶ್ಚಯವಾಗುವವರೆಗೆ ಆತ ಕಾಯುವುದಿಲ್ಲ. ಕೂಗಲು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಅವನ ಕಣ್ಣಿಗೂ ಕೊರಳಿಗೂ ನಡುವೆ ಅಂತರವೆಂಬುದಿಲ್ಲ.

ಇಂದು ಇದೇ ಕಾಡು ಬೆಟ್ಟಗಳನ್ನು ಬೇರೆ ಕಣ್ಣುಗಳೂ ಕಾಯುತ್ತಿವೆ. ಅವು ಸರ್ಕಾರದ ಕಣ್ಣುಗಳು. ವಿಜ್ಞಾನಿಗಳು ನೆಟ್ಟ ಕಣ್ಣುಗಳು. ನಮ್ಮ ಹಿರಿಯರ ಕಣ್ಣಿಗಿಂತ ಅವು ಬಹುಪಾಲು ತೀಕ್ಷ್ಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕಣ್ಣಿಗೂ ಕೊರಳಿಗೂ ನಡುವೆ ಎಷ್ಟು ಅಂತರವಿದೆ? ಕಂಡವನು ಕಾಣದವನಿಗೆ ತೀರಿಸಬೇಕಾದ ಋಣ ಯಾವುದು? ಗಡಿಯಾಚೆಯಲ್ಲಿ ಬಾಳುತ್ತಿರುವ ನಮಗೆ ಇದು ಕೇವಲ ತತ್ತ್ವಜಿಜ್ಞಾಸೆಯಲ್ಲ, ಪ್ರತಿ ಮಳೆಗಾಲದಲ್ಲೂ ಮನೆಬಾಗಿಲಿಗೆ ಬಂದು ನಿಲ್ಲುವ ಪ್ರಶ್ನೆ.

ಮೊದಲು ಆ ಕಣ್ಣುಗಳ ಪರಿಚಯ ಮಾಡಿಕೊಳ್ಳೋಣ. ೨೦೦೬ರಿಂದ ನಾಲ್ಕು ವರ್ಷಗಳಿಗೊಮ್ಮೆ ದೇಶದಾದ್ಯಂತ ಹುಲಿಗಳ ಅಂದಾಜು ನಡೆಯುತ್ತಿದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ರಾಜ್ಯಗಳ ಅರಣ್ಯ ಇಲಾಖೆಗಳು ಕೂಡಿ ನಡೆಸುವ ಕಾರ್ಯವಿದು. ಕಾಡುದಾರಿಯ ಎರಡು ಬದಿಗಳಲ್ಲಿ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ನಡುವೆ ಹಾದ ಪ್ರಾಣಿಯ ಎರಡೂ ಪಕ್ಕಗಳ ಚಿತ್ರ ಮೂಡುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಹುಲಿಯ ಪಟ್ಟೆಗಳೂ ಒಂದರದ್ದು ಇನ್ನೊಂದಕ್ಕಿಲ್ಲ. ಮೊದಲು ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಮತ್ತೆ ಸಿಕ್ಕವು ಎಂಬ ಲೆಕ್ಕದಿಂದ, ಸಿಗದೆ ಉಳಿದವುಗಳ ಸಂಖ್ಯೆಯನ್ನೂ ಅಂದಾಜಿಸಲು ಬರುತ್ತದೆ. ೨೦೧೮ರ ಸುತ್ತಿನಲ್ಲಿ ಕ್ಯಾಮೆರಾ ಇಟ್ಟ ತಾಣಗಳು ೨೬,೮೩೮. ದೊರೆತ ಚಿತ್ರಗಳು ಮೂರೂವರೆ ಕೋಟಿಗೆ ಸಮೀಪ. ಬಂಡೀಪುರ, ಮುದುಮಲೆ, ವಯನಾಡು, ಸತ್ಯಮಂಗಲ ಎಂಬ ಹೆಸರುಗಳು ನಮ್ಮವು. ಹುಲಿಗೆ ಅದು ಒಂದೇ ಕಾಡು. ಮೋಯಾರು ಹೊಳೆ ದಾಟಿದ ಹುಲಿ ರಾಜ್ಯ ದಾಟಿದೆನೆಂದು ತಿಳಿಯದು. ಆದ್ದರಿಂದ ಎಲ್ಲ ರಾಜ್ಯಗಳ ಚಿತ್ರಗಳನ್ನೂ ಒಂದೆಡೆ ಹೋಲಿಸಿ ನೋಡದಿದ್ದರೆ, ಒಂದೇ ಹುಲಿ ಎರಡು ಸರ್ಕಾರಗಳ ಲೆಕ್ಕದಲ್ಲಿ ಎರಡಾಗಿಬಿಡುತ್ತದೆ.

ಬೆಟ್ಟಗಳ ಮೇಲೂ ಇಂತಹುದೇ ನಿಗಾ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ದೇಶದ ಬೆಟ್ಟಪ್ರದೇಶಗಳಲ್ಲಿ ಜಾರಬಲ್ಲ ಇಳಿಜಾರುಗಳನ್ನು ಗುರುತಿಸಿ ನಕ್ಷೆ ಮಾಡಿದೆ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹಚಿತ್ರಗಳ ನೆರವಿನಿಂದ ೨೦೨೩ರಲ್ಲಿ ಭೂಕುಸಿತಗಳ ಭೂಪಟವೊಂದನ್ನು ಹೊರತಂದು, ೧೪೭ ಜಿಲ್ಲೆಗಳನ್ನು ಅಪಾಯದ ಕ್ರಮದಲ್ಲಿ ಪಟ್ಟಿಮಾಡಿತು. ಗುಡ್ಡ ಜಾರುವ ಬಗೆ ಸರಳ: ಎಡೆಬಿಡದೆ ಸುರಿದ ಮಳೆ ಮಣ್ಣಿನ ಸಂದುಗಳನ್ನೆಲ್ಲ ತುಂಬುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ, ಕೆಳಗಿನ ಬಂಡೆಯ ಮೇಲಿಂದ ಮಣ್ಣಿನ ಹೊದಿಕೆ ಕಳಚಿ ಹರಿಯುತ್ತದೆ. ಆದ್ದರಿಂದ ಇಳಿಜಾರಿನ ನಕ್ಷೆಯನ್ನೂ ಮಳೆಯ ಅಳತೆಯನ್ನೂ ಜೋಡಿಸಿದರೆ ಮುನ್ಸೂಚನೆಗೆ ದಾರಿಯಾಗುತ್ತದೆ. ಎಲ್ಲಿ ಎಂಬುದನ್ನು ಸುಮಾರಾಗಿ ಹೇಳಬಹುದು. ಯಾವ ಗಳಿಗೆಯಲ್ಲಿ, ಯಾರ ಮನೆಯ ಹಿಂದೆ ಎಂಬುದನ್ನು ಹೇಳುವುದು ಕಷ್ಟ.

ಹೀಗೆ ಕಂಡವರ ಮೇಲಿರುವ ಮೊದಲನೆಯ ಋಣ, ಕಂಡದ್ದನ್ನು ಕಂಡಂತೆ ಹೇಳುವುದು. ಇದು ಸುಲಭವೆಂದು ತೋರುತ್ತದೆ, ಸುಲಭವಲ್ಲ. ರಾಜಸ್ಥಾನದ ಸರಿಸ್ಕಾ ಹುಲಿಧಾಮದ ಕಥೆಯನ್ನು ನೆನೆಯಬಹುದು. ಹೆಜ್ಜೆಗುರುತುಗಳನ್ನು ನೋಡಿ ಹುಲಿಗಳನ್ನೆಣಿಸುತ್ತಿದ್ದ ಕಾಲವದು. ಅಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳಿವೆಯೆಂದು ಕಡತಗಳು ಹೇಳುತ್ತಲೇ ಇದ್ದವು. ೨೦೦೫ರ ಹೊತ್ತಿಗೆ ಹುಡುಕಿ ನೋಡಿದರೆ ಒಂದೂ ಉಳಿದಿರಲಿಲ್ಲ. ಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. ಕಾಡಿನಲ್ಲಿ ಸತ್ತ ಹುಲಿಗಳು ಕಾಗದದ ಮೇಲೆ ಬದುಕಿದ್ದವು. ಹೆಜ್ಜೆ ಎಣಿಸುವ ಕ್ರಮದ ದೋಷವನ್ನು ನಮ್ಮವರೇ ಆದ ಕೆ. ಉಲ್ಲಾಸ ಕಾರಂತರು ಬಹು ಮೊದಲೇ ಎತ್ತಿ ತೋರಿಸಿದ್ದರು. ತೊಂಬತ್ತರ ದಶಕದಲ್ಲಿಯೇ ನಾಗರಹೊಳೆಯಲ್ಲಿ ಕ್ಯಾಮೆರಾದ ಕ್ರಮವನ್ನು ಪ್ರಯೋಗಿಸಿದ್ದರು. ಆದರೆ ಸರಿಸ್ಕಾದ ಪಾಠ ಎಣಿಕೆಯ ಕ್ರಮಕ್ಕಷ್ಟೇ ಸಂಬಂಧಿಸಿದ್ದಲ್ಲ. ಸಂಖ್ಯೆ ಹೆಚ್ಚಿದರೆ ಶಹಭಾಸ್, ತಗ್ಗಿದರೆ ವಿಚಾರಣೆ ಎಂಬಂತಿರುವಲ್ಲಿ ಸತ್ಯ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಕಾವಲುಗಾರ ಕೆಟ್ಟ ಸುದ್ದಿ ತಂದುದಕ್ಕೆ ದಂಡ ತೆರಬೇಕಾದರೆ, ಆ ಊರು ತನ್ನ ಕಾವಲನ್ನು ತಾನೇ ಕಳೆದುಕೊಂಡಿದೆಯೆಂದೇ ಅರ್ಥ.

ಎರಡನೆಯ ಋಣ ಇನ್ನೂ ಸೂಕ್ಷ್ಮವಾದುದು: ತಿಳಿಯದುದನ್ನು ತಿಳಿಯದೆಂದು ಹೇಳುವುದು. ಇದಕ್ಕೆ ದೂರದ ಇಟಲಿಯ ಲಾಕ್ವಿಲಾ ಪಟ್ಟಣದ ನಿದರ್ಶನವಿದೆ. ೨೦೦೯ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ನೆಲ ಪದೇ ಪದೇ ಸಣ್ಣಗೆ ನಡುಗುತ್ತಿತ್ತು. ಮಾರ್ಚ್ ೩೧ರಂದು ತಜ್ಞರ ಸಭೆ ಸೇರಿತು. ಸಭೆಗೆ ಮುನ್ನವೇ ಹಿರಿಯ ಅಧಿಕಾರಿಯೊಬ್ಬರು, ಸಣ್ಣ ಕಂಪನಗಳಿಂದ ಭೂಮಿಯ ಒತ್ತಡ ಹೊರಬೀಳುತ್ತಿರುವುದು ಒಳ್ಳೆಯದೇ ಎಂಬರ್ಥದ ಸಮಾಧಾನವನ್ನು ದೂರದರ್ಶನದೆದುರು ನುಡಿದಿದ್ದರು. ವಿಜ್ಞಾನದಲ್ಲಿ ಆ ಮಾತಿಗೆ ಆಧಾರವಿರಲಿಲ್ಲ. ನೆಲ ನಡುಗಿದ ರಾತ್ರಿ ಮನೆ ಬಿಟ್ಟು ಬಯಲಿಗೆ ಬರುವುದು ಅಲ್ಲಿನ ಹಿರಿಯರ ರೂಢಿ. ಸಮಾಧಾನದ ಮಾತನ್ನು ನಂಬಿ ಒಳಗೇ ಉಳಿದವರಿದ್ದರು. ಏಪ್ರಿಲ್ ೬ರ ನಸುಕಿನಲ್ಲಿ ಸಂಭವಿಸಿದ ಭೂಕಂಪದಲ್ಲಿ ೩೦೯ ಜನ ಮಡಿದರು. ೨೦೧೨ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ೨೦೧೪ರಲ್ಲಿ ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಬಿಡುಗಡೆ ಮಾಡಿ, ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಗಳಿಗೆ ಇಳಿಸಿತು.

ವಿಜ್ಞಾನಿಗಳ ಬಿಡುಗಡೆ ನ್ಯಾಯವೆಂದೇ ನಮ್ಮ ಭಾವನೆ. ಭೂಕಂಪದ ದಿನವನ್ನು ಮುಂಚಿತವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ಹೇಳಲಾಗದುದನ್ನು ಹೇಳಲಿಲ್ಲವೆಂದು ಶಿಕ್ಷಿಸುವುದು ಸಲ್ಲದು. ಆದರೂ ಆ ಪ್ರಕರಣ ಒಂದು ಮುಳ್ಳನ್ನು ಉಳಿಸಿಹೋಗಿದೆ. ‘ನಮಗೆ ತಿಳಿಯದು, ನೀವು ನಿಮ್ಮ ರೂಢಿಯಂತೆ ಜಾಗ್ರತೆ ವಹಿಸಿರಿ’ ಎಂದಿದ್ದರೆ ಜನರ ವಿವೇಕ ಜನರ ಬಳಿಯೇ ಉಳಿಯುತ್ತಿತ್ತು. ಸುಳ್ಳು ಸಮಾಧಾನ ಅದನ್ನೂ ಕಸಿದುಕೊಂಡಿತು.

ಹುಸಿಯಾಗುವ ಎಚ್ಚರಿಕೆಯೂ ಕೇಡೇ ಅಲ್ಲವೇ ಎಂದು ಕೇಳುವವರಿದ್ದಾರೆ. ‘ಹುಲಿ ಬಂತು ಹುಲಿ’ ಎಂದು ಸುಮ್ಮನೆ ಕೂಗಿದ ಹುಡುಗನ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಆ ಹುಡುಗ ಕೂಗಿದ್ದು ವಿನೋದಕ್ಕೆ. ಬಿದಿರು ಮುರಿದ ಸದ್ದಿಗೆ ಕೂಗಿದ ಕಾವಲುಗಾರನದು ಹುಸಿಯಲ್ಲ. ಅಂದು ಆನೆ ಬಾರದಿದ್ದರೆ ಊರವರು ಅವನನ್ನು ಹಳಿಯುವುದಿಲ್ಲ, ಮತ್ತೆ ಮಲಗುತ್ತಾರೆ. ಏಕೆಂದರೆ ಅವನು ಏನು ಕೇಳಿ ಕೂಗಿದನೆಂದು ಅವರಿಗೆ ಗೊತ್ತು. ಕಾರಣವನ್ನು ಬಿಚ್ಚಿ ಹೇಳಿದ ಎಚ್ಚರಿಕೆ ಹುಸಿಯಾದರೂ ನಂಬಿಕೆ ಕೆಡುವುದಿಲ್ಲ.

ಹೇಳುವುದಕ್ಕೂ ಒಂದು ಮೇರೆಯಿದೆಯೆಂಬುದನ್ನು ಮರೆಯಬಾರದು. ಹುಲಿ ಮರಿಹಾಕಿದ ಬಂಡೆಯನ್ನು ಊರಿಗೆಲ್ಲ ಸಾರಿದರೆ ಮೊದಲು ಕೇಳಿಸಿಕೊಳ್ಳುವವನು ಕಳ್ಳಬೇಟೆಗಾರ. ಕಾಡಿನ ಕ್ಯಾಮೆರಾ ಹುಲಿಯನ್ನಷ್ಟೇ ಕಾಣುವುದಿಲ್ಲ. ಸೌದೆಗೆ ಹೋದ ಹೆಣ್ಣುಮಕ್ಕಳನ್ನೂ ಕಾಣುತ್ತದೆ. ಅವರ ಮಾನವನ್ನು ಕಾಯುವುದೂ ಕಂಡವರ ಋಣದಲ್ಲಿ ಸೇರಿದೆ. ಜೀವ ಉಳಿಸುವ ಅರಿವನ್ನು ಹಂಚಬೇಕು. ಜೀವಕ್ಕೋ ಮಾನಕ್ಕೋ ಎರವಾಗುವ ಅರಿವನ್ನು ಮುಚ್ಚಿಡಬೇಕು. ಯಾವುದು ಯಾವುದೆಂದು ತೂಗಿ ನೋಡುವುದೇ ವಿವೇಕ.

ಇನ್ನು ಮೂರನೆಯ ಋಣ. ನಮ್ಮ ಸಂಘಕ್ಕೆ ಎಲ್ಲಕ್ಕಿಂತ ಹತ್ತಿರವಾದುದು. ೨೦೨೪ರ ಜುಲೈ ೧೯ರಂದು ಕೊಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಗೊಂಡಿತು. ಮೊದಲ ಪ್ರಕಟಣೆಗಳಿಗೆ ಆಯ್ದ ಪ್ರದೇಶಗಳಲ್ಲಿ ಡಾರ್ಜಿಲಿಂಗ್, ಕಾಲಿಂಪಾಂಗ್‌ಗಳೊಡನೆ ನೀಲಗಿರಿಯೂ ಇತ್ತು. ಹನ್ನೊಂದು ದಿನಗಳ ತರುವಾಯ, ಜುಲೈ ೩೦ರ ನಸುಕಿನಲ್ಲಿ, ನೀಲಗಿರಿಗೆ ತಾಗಿಕೊಂಡ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್ಮಲ ಊರುಗಳು ಮಣ್ಣುನೀರುಗಳಲ್ಲಿ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಹೋದವು. ೧೯೮೪ರಲ್ಲಿ ಅದೇ ಮುಂಡಕ್ಕೈಯಲ್ಲಿಯೂ, ೨೦೧೯ರಲ್ಲಿ ಸಮೀಪದ ಪುತ್ತುಮಲೆಯಲ್ಲಿಯೂ ಗುಡ್ಡ ಜರಿದು ಜನ ಸತ್ತಿದ್ದರು. ಎಚ್ಚರಿಕೆಯನ್ನು ಯಾರು, ಯಾವಾಗ, ಯಾರಿಗೆ ಕೊಟ್ಟರೆಂಬ ವಾದ ಮರುದಿನವೇ ರಾಜಧಾನಿಗಳ ನಡುವೆ ಎದ್ದಿತು. ಆ ವಾದದ ತೀರ್ಪುಗಾರರು ನಾವಲ್ಲ. ನಾವು ಗಮನಿಸಬೇಕಾದುದಿಷ್ಟೇ: ಕೊಟ್ಟ ಎಚ್ಚರಿಕೆಗೂ ಮುಟ್ಟಿದ ಎಚ್ಚರಿಕೆಗೂ ಅಂತರವುಂಟು.

ಹವಾಮಾನ ಇಲಾಖೆಯ ಬಣ್ಣಗಳನ್ನೇ ನೋಡಿ. ಹಳದಿಯೆಂದರೆ ಸುದ್ದಿ ಗಮನಿಸುತ್ತಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯೋನ್ಮುಖರಾಗಿರಿ. ಅಧಿಕಾರಿಗಳಿಗೆ ಇದು ತಿಳಿದ ಭಾಷೆ. ಇಳಿಜಾರಿನ ಮನೆಯ ಅಜ್ಜಿಗೆ ಕಿತ್ತಳೆ ಒಂದು ಹಣ್ಣು. ಒಂದು ಮಳೆಗಾಲದ ಸಂಜೆ ನಮ್ಮ ಬೀದಿಯಲ್ಲಿ ಹಲವರ ಮೊಬೈಲುಗಳಿಗೆ ಎಚ್ಚರಿಕೆಯ ಸಂದೇಶ ಬಂದಿತು. ರಾಜ್ಯದ ನುಡಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಆ ನುಡಿಯನ್ನು ನಾವು ಗೌರವಿಸುತ್ತೇವೆ. ನಮ್ಮ ಮಕ್ಕಳು ಅದರಲ್ಲಿಯೇ ಓದುತ್ತಾರೆ. ಸಂತೆಯಲ್ಲಿ, ಕಚೇರಿಯಲ್ಲಿ ನಾವು ಅದನ್ನೇ ಆಡುತ್ತೇವೆ. ಆದರೆ ಆಡುವ ಹಿರಿಯರಲ್ಲಿ ಓದಬಲ್ಲವರು ಕಡಿಮೆ. ಮೊಮ್ಮಗ ಪಾಠ ಮುಗಿಸಿ ಬಂದು ಓದಿ ಹೇಳುವವರೆಗೆ, ಪಕ್ಕದ ಮನೆಯ ವೃದ್ಧ ದಂಪತಿಗಳು ಅದನ್ನು ಏನೋ ಜಾಹೀರಾತೆಂದು ತಿಳಿದಿದ್ದರು. ಆ ಸಂಜೆ ಗುಡ್ಡ ಜರಿಯಲಿಲ್ಲ. ಅದು ನಮ್ಮ ಪುಣ್ಯ. ಪುಣ್ಯವನ್ನು ನಂಬಿ ಊರು ಕಟ್ಟಲಾಗದು.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ಸಂವಿಧಾನದ ೩೫೦ಬಿ ವಿಧಿಯಂತೆ ವಿಶೇಷಾಧಿಕಾರಿಯ ಹುದ್ದೆಯಿದೆ. ಅಲ್ಪಸಂಖ್ಯಾತರ ಪ್ರಮಾಣ ಶೇಕಡಾ ೧೫ನ್ನು ಮುಟ್ಟಿದ ಜಿಲ್ಲೆ, ತಾಲ್ಲೂಕುಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ನುಡಿಯಲ್ಲೂ ಹೊರಡಬೇಕೆಂಬ ಒಪ್ಪಿತ ನೀತಿಯೂ ಇದೆ. ನುಡಿಯ ಹಕ್ಕನ್ನು ನಾವು ಬಹುಕಾಲ ಶಾಲೆಗಾಗಿ, ನಾಮಫಲಕಕ್ಕಾಗಿ ಕೇಳಿದ್ದೇವೆ. ಅವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಇದು: ಅಪಾಯದ ಮಾತು ನಮ್ಮ ಮಾತಿನಲ್ಲಿರಲಿ. ಗಾಬರಿಯಾದಾಗ ಮನಸ್ಸು ಓಡುವುದು ತಾಯ್ನುಡಿಗೇ. ‘ಭೂಕುಸಿತದ ಸಂಭಾವ್ಯತೆ’ ಎಂದರೆ ನಿಂತು ಯೋಚಿಸುವ ಮುದುಕ, ‘ಗುಡ್ಡ ಜರಿಯುತ್ತೆ, ಎದ್ದು ಬನ್ನಿ’ ಎಂದರೆ ಎದ್ದು ಬರುತ್ತಾನೆ. ಇದು ಯಾವ ನುಡಿಯ ವಿರುದ್ಧವೂ ಹೂಡುವ ಮೊಕದ್ದಮೆಯಲ್ಲ. ಕಾಡಿನಂಚಿನ ಬುಡಕಟ್ಟು ಸೋದರರ ನುಡಿಗಳಿಗೂ ಇದೇ ಹಕ್ಕುಂಟು. ಕರ್ನಾಟಕದೊಳಗೆ ನೆಲೆಸಿರುವ ಅನ್ಯಭಾಷಿಕರಿಗೂ ಉಂಟು.

ಇಂತಹದು ಸಾಧ್ಯವೆಂಬುದಕ್ಕೆ ತಮಿಳುನಾಡಿನ ವಾಲ್ಪಾರೈ ಸಾಕ್ಷಿ. ಅಲ್ಲಿ ಅರಣ್ಯ ಇಲಾಖೆಯವರೂ ಸಂಶೋಧಕರೂ ಕೂಡಿ, ಆನೆಗಳು ಎಲ್ಲಿವೆಯೆಂಬುದನ್ನು ತೋಟದ ಕೆಲಸಗಾರರಿಗೆ ಮೊಬೈಲ್ ಸಂದೇಶದಿಂದ ತಿಳಿಸುತ್ತಾರೆ. ಎತ್ತರದ ಕಂಬಗಳಲ್ಲಿ ಕೆಂಪು ದೀಪಗಳಿವೆ. ಆನೆ ಹತ್ತಿರವಿದ್ದರೆ ಊರವರೇ ಮೊಬೈಲಿನಿಂದ ಅವನ್ನು ಉರಿಸಬಲ್ಲರು. ಓದು ಬಾರದವರೂ ದೀಪ ನೋಡಿ ದಾರಿ ಬದಲಿಸುತ್ತಾರೆ.

ಕಂಡವರಿಗೆ ಋಣವಿರುವಂತೆ ಕೇಳುವವರಿಗೂ ಇದೆ. ನಕ್ಷೆ ಬೇಡವೆಂದ ಇಳಿಜಾರಿನಲ್ಲಿ ಮನೆ ಕಟ್ಟಿದವರು ನಮ್ಮಲ್ಲೂ ಇದ್ದೇವೆ. ಸಂದೇಶವನ್ನು ಓದದೆ ಅಳಿಸಿದವರೂ ಇದ್ದೇವೆ. ಆದುದರಿಂದ ಈ ಸಮ್ಮೇಳನದ ಹೊತ್ತಿಗೆ ನಮ್ಮ ಸಂಘ ಚಿಕ್ಕದೊಂದು ಕೆಲಸವನ್ನು ಕೈಗೆತ್ತಿಕೊಳ್ಳಲಿ. ಪ್ರತಿ ಬೀದಿಗೂ ಇಬ್ಬರು ತರುಣರಿರಲಿ. ಒಂಟಿಯಾಗಿರುವ ಹಿರಿಯರ ಪಟ್ಟಿ ಅವರ ಬಳಿಯಿರಲಿ. ಸಂದೇಶ ಬಂದ ಕೂಡಲೇ ಆ ಬಾಗಿಲುಗಳನ್ನು ತಟ್ಟಿ ಕನ್ನಡದಲ್ಲಿ ಹೇಳಲಿ. ನಡೆಯಲಾರದವರ ಕೈ ಹಿಡಿಯಲಿ. ಸರ್ಕಾರವನ್ನು ಕೇಳುವುದನ್ನು ಕೇಳೋಣ. ಅದಕ್ಕಾಗಿ ಕಾದು ಕೂರುವುದು ಬೇಡ.

ಅಟ್ಟಣೆಯ ಕಾವಲುಗಾರನ ಕೂಗು ಮೊದಲು ಮುಟ್ಟುತ್ತಿದ್ದುದು ಪಕ್ಕದ ಅಟ್ಟಣೆಗೆ. ಅಲ್ಲಿದ್ದವನು ಎದ್ದು ತಾನೂ ಕೂಗಿದ್ದರಿಂದಲೇ ಅದು ಊರಿಗೆ ತಲುಪುತ್ತಿತ್ತು. ಉಪಗ್ರಹದ ಕಣ್ಣು ಎಷ್ಟೇ ಎತ್ತರದಲ್ಲಿರಲಿ, ಕೊನೆಯ ಕೂಗು ನೆರೆಯವನದೇ ಆಗಿರಬೇಕು. ಆ ಪಕ್ಕದ ಅಟ್ಟಣೆಯಲ್ಲಿ ಈಗ ಕುಳಿತಿರುವವರು ನಾವು.