ಬರಬೇಕಾದ ಎಲೆ

ಹಣವೊಡ್ಡಿ ಇಸ್ಪೀಟು ಆಡಿರೆಂದು ಹೇಳುವ ಉದ್ದೇಶ ನಮಗಿಲ್ಲ. ಆದರೆ ಪೋಕರ್ ಆಟದ ಒಂದು ಸಂದಿಗ್ಧ ಯೋಚಿಸತಕ್ಕದ್ದು. ಅಮೆರಿಕದವರ 'ಟೆಕ್ಸಾಸ್ ಹೋಲ್ಡೆಮ್' ಬಗೆಯಲ್ಲಿ ಆಟಗಾರನ ಕೈಯಲ್ಲಿ 2 ಎಲೆ. ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಬಿಚ್ಚುವ ಎಲೆಗಳು 5. ನಾಲ್ಕನೆಯದು ಬಿದ್ದಿದೆ. ಕೈಯದೂ ಮೇಜಿನದೂ ಸೇರಿ ನಮಗೆ 4 ಆಟೀನು. ಇನ್ನೊಂದು ಬಂದರೆ ಬಹುಮಟ್ಟಿಗೆ ಗೆಲುವು, ಬಾರದಿದ್ದರೆ ಸೋಲು. ಎದುರಾಳಿ ಪಣವೊಡ್ಡಿದ್ದಾನೆ. ಅಷ್ಟೇ ಹಣ ಹಾಕಿ ಮುಂದುವರಿಯಬೇಕೆ, ಎಲೆ ಕೆಳಗಿಡಬೇಕೆ?

ಲೆಕ್ಕ ಕಷ್ಟದ್ದಲ್ಲ. ಕಾಣದ ಎಲೆ 46, ಅದರಲ್ಲಿ ಆಟೀನು 9. ಹೆಚ್ಚುಕಡಿಮೆ ಐದಕ್ಕೆ ಒಂದು. ನಡುವೆ 80 ರೂಪಾಯಿ ಇದ್ದು ಎದುರಾಳಿ 20 ಹಾಕಿದರೆ, ನಾವು 20 ಕೊಟ್ಟು 100ಕ್ಕೆ ಆಸೆಪಡುತ್ತೇವೆ. ಆರರಲ್ಲಿ ಒಂದು ಸಲ ಗೆದ್ದರೂ ಅಸಲು ಹುಟ್ಟುತ್ತದೆ, ಹಾಕಬಹುದು. ಅವನು 80 ಹಾಕಿದರೆ ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು, ಕೆಳಗಿಡುವುದೇ ಸರಿ. ನಡುವಿನ ಹಣದಲ್ಲಿ ನಾವು ಹಾಕಿದ್ದೂ ಇದೆಯಲ್ಲ ಎಂಬ ಮಮತೆಗೆ ಇಲ್ಲಿ ಜಾಗವಿಲ್ಲ. ಅದು ಗೆದ್ದವನದು. ಊರು ಬಿಟ್ಟು ಬಂದು, ಕೈಹತ್ತದ ವ್ಯಾಪಾರವನ್ನು 'ಇಷ್ಟು ವರ್ಷ ಸುರಿದೆವಲ್ಲ' ಎಂಬ ಒಂದೇ ಕಾರಣಕ್ಕೆ ಎಳೆಯುವವರನ್ನು ನಾವೆಲ್ಲ ಕಂಡಿದ್ದೇವೆ.

ವನಪರ್ವದಲ್ಲಿ ನಳನಿಗೆ ಅಕ್ಷಹೃದಯವನ್ನು ಕಲಿಸಿದವನು ಋತುಪರ್ಣ. ತಾರೆಮರದ ಎಲೆ, ಕಾಯಿಗಳನ್ನು ರಥದಿಂದಲೇ ನೋಡಿ ಎಣಿಕೆ ಹೇಳಿದವನು. ಜೂಜಿಗೂ ಎಣಿಕೆಗೂ ಇರುವ ನಂಟು ಅಷ್ಟು ಹಳೆಯದು! ಯುರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ, ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಬಗೆಯನ್ನು ಕುರಿತು ಕಾಗದ ಬರೆದುಕೊಂಡದ್ದು 1654ರಲ್ಲಿ.

ಇಷ್ಟಾದರೂ, ಸರಿಯಾಗಿ ಎಣಿಸಿ 20 ಹಾಕಿದವನು ಐದರಲ್ಲಿ ನಾಲ್ಕು ಸಲ ಸೋಲುತ್ತಾನೆ. ಸೋತನೆಂದು ಅವನನ್ನು ಮೂರ್ಖನೆನ್ನುವುದು ನ್ಯಾಯವಲ್ಲ; ಎಲೆ ಬಿಚ್ಚುವ ಮೊದಲು ಅವನಿಗೆ ತಿಳಿದದ್ದಿಷ್ಟೆ. ನಮ್ಮನ್ನು ಕಾಡುವುದು ಬೇರೆ. ಈ ಲೆಕ್ಕ ಸಾವಿರ ಸಲ ಆಡುವವನದು. ಒಂದೇ ಸಲ, ಮನೆಯ ಅಕ್ಕಿಯ ದುಡ್ಡಿನಲ್ಲಿ ಆಡುವವನ ಗತಿಯೇನು? ಅದೇ ಮೊತ್ತ ಬಡವನಿಗೂ ಧನಿಕನಿಗೂ ಒಂದೇ ತೂಕದ್ದಲ್ಲವೆಂದು ಡೇನಿಯಲ್ ಬರ್ನೂಲಿ 1738ರಲ್ಲೇ ಹೇಳಿದ. ಮಗನ ಫೀಜಿಗೆ ತೆಗೆದಿಟ್ಟ 20 ರೂಪಾಯಿ ಅದಾದರೆ, ಗಣಿತ 'ಹಾಕು' ಎಂದರೂ ಎಲೆ ಕೆಳಗಿಡುವುದೇ ನಮಗೆ ಸರಿ ತೋರುತ್ತದೆ. ಆಮೇಲೆ ಬಿಚ್ಚಿದ ಎಲೆ ಆಟೀನೇ ಆಗಿದ್ದರೂ ಆ ತೀರ್ಮಾನ ತಪ್ಪಾಗುವುದಿಲ್ಲ.